ಮನೆಯೊಳಗೆ ಚೆಕಿಂಗ್ ನಡೆದ ಹಂಗಾಮು

ಹೋದ ವಾರ ಕನ್ನಡಕದ ಕಾಲು ಮುರಿದು ಚಿಕ್ಕೋಡಿಗೆ ಹೋಗಿದ್ದೆ. ರಿಪೇರಿ ಮಾಡಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಬರುವಾಗ ಕಾಲು ತಾನಾಗಿಯೇ ಒಂದು ಓಣಿಯೊಳಗೆ ತಿರುಗಿತು. ಆ ಓಣಿಯ ಮೂಲೆಯ ಕಟ್ಟಡದ ಮೇಲೆ ಹಿಂದೆ ಒಂದು ಸಣ್ಣ ಕೋಣೆ ಇತ್ತು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಮೇಡಂ ಒಬ್ಬರು ವಾರಕ್ಕೆ ಎರಡು ದಿನ ಅಲ್ಲಿ ಬಂದು ಕೂಡುತ್ತಿದ್ದರು. ಈಗ ಅಲ್ಲಿ ಹೊಲಿಗೆ ಅಂಗಡಿ ಆಗಿದೆ. ನಾನು ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡುತ್ತಿದ್ದೆ. ಟೇಲರ್ ಮಷೀನ್ ನಿಲ್ಲಿಸಿ ಕೆಳಗೆ ಇಣುಕಿದ.

"ಯಾರ್ ಬೇಕಾಗಿತ್ರಿ?"

"ಯಾರೂ ಇಲ್ಲ. ಸುಮ್ಮ ನೋಡಾಕತ್ತೇನಿ."

"ಸುಮ್ಮ ಯಾಕ ನೋಡ್ತೀರಿ?"

ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳುತ್ತಿದ್ದೆ. ನಾನು ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ದುಡಿದವನು. ಮೊದಲು ಕಂಡಕ್ಟರ್, ಆಮೇಲೆ ಚೆಕಿಂಗ್. ರಾಯಬಾಗ, ಕುಡಚಿ, ಅಥಣಿ, ಕಾಗವಾಡ, ಈ ಕಡೆ ನಿಪ್ಪಾಣಿ, ಎಲ್ಲ ರಸ್ತೆಗಳಲ್ಲಿಯೂ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದವನು. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ಒಬ್ಬ ನಿದ್ದೆ ಬಂದಂತೆ ಮಾಡುತ್ತಾನೆ, ಒಬ್ಬ ಕಿಡಕಿಯ ಹೊರಗೆ ಕಬ್ಬನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಾನೆ, ಇನ್ನೊಬ್ಬ ಕಾರಣವಿಲ್ಲದೆ ನಗುತ್ತಾನೆ. ನನಗೆ ಮೂವರ ಮೇಲೂ ಸಂಶಯ. ಟಿಕೆಟ್ ಇಟ್ಟುಕೊಂಡು ಸುಮ್ಮನೆ ಕೂತವನ ಮೇಲೂ ಸಂಶಯ. ನಿವೃತ್ತಿಯ ದಿನ ಖಾಕಿ ಬಟ್ಟೆ ಕಳಚಿಟ್ಟೆ, ಈ ಗುಣ ಮಾತ್ರ ಮೈಮೇಲೆಯೇ ಉಳಿಯಿತು. ಅದೇ ಗುಣ ಒಂದು ಕಬ್ಬಿನ ಹಂಗಾಮಿನಲ್ಲಿ ನನ್ನನ್ನು ಹೇಗೆ ಕುಣಿಸಿತು ಎಂಬುದು ಆ ಮೆಟ್ಟಿಲ ಕೆಳಗೆ ನಿಂತಾಗ ಒಂದೊಂದಾಗಿ ನೆನಪಾಯಿತು.

ನಮ್ಮದು ಕರೋಶಿ ಹತ್ತಿರ ತೋಟದ ಮನೆ. ಸುತ್ತ ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ಒಂದಿಷ್ಟು ಆಡು. ಮನೆಯಲ್ಲಿ ನಾನು, ನನ್ನ ಹೆಂಡತಿ ಶಾಂತವ್ವ, ಹೊಲ ನೋಡಿಕೊಳ್ಳುವ ಮಗ ಮಹಾಂತೇಶ, ನಿಪ್ಪಾಣಿ ಕಡೆಯಿಂದ ಬಂದ ಸೊಸೆ ಸುಜಾತಾ, ಮತ್ತು ಮೊಮ್ಮಗಳು ಭೂಮಿ. ಭೂಮಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅದು ನಮಗೆ ತಿಳಿಯಲು ಒಂದು ವರ್ಷವೇ ಹಿಡಿಯಿತು, ಯಾಕೆಂದರೆ ಆ ಕೂಸಿನ ಹಟ ಅಂಥದ್ದು. ಕರೆದರೆ ತಿರುಗದಿದ್ದಾಗ "ಬೇಕಂತ ತಿರುಗಂಗಿಲ್ಲ ನೋಡ್ರಿ, ಥೇಟ್ ನಿಮ್ಮಂಗ" ಎಂದು ಶಾಂತವ್ವ ನನ್ನನ್ನೇ ಚುಚ್ಚುತ್ತಿದ್ದಳು. ಒಂದು ದಿನ ಕೂಸಿನ ಬೆನ್ನ ಹಿಂದೆಯೇ ಹಿತ್ತಾಳೆಯ ಕೊಡ ಬಿತ್ತು. ಆಡುಗಳು ಬೆದರಿ ಹಗ್ಗ ಜಗ್ಗಿದವು, ಭೂಮಿ ಮಾತ್ರ ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಕೂತಿದ್ದಳು. ಆಮೇಲೆ ದವಾಖಾನೆ, ಪರೀಕ್ಷೆ, ಕಾಗದಪತ್ರ ಎಂದು ತಿರುಗಾಟ ಶುರುವಾಯಿತು. ಎರಡು ವರ್ಷ ತುಂಬಿದ ಮೇಲೆ ಬೆಳಗಾವಿಯಲ್ಲಿ ಎರಡೂ ಕಿವಿಗೆ ಆಪರೇಷನ್ ಆಯಿತು. ಒಳಗೊಂದು ಮಷೀನು ಕೂರಿಸಿದರು, ಹೊರಗೊಂದು ಕಿವಿಯ ಮೇಲೆ ಕೂರುತ್ತದೆ, ಅದರ ವಾಯರಿನ ತುದಿಯ ಬಿಲ್ಲೆ ತಲೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. ಬಿದ್ದು ಕಳೆಯದಿರಲಿ ಎಂದು ಸುಜಾತಾ ಎರಡಕ್ಕೂ ದಾರ ಕಟ್ಟಿ ಫ್ರಾಕಿನ ಕೊರಳಿಗೆ ಪಿನ್ನು ಹಾಕಿದ್ದಳು.

ಅದಕ್ಕೂ ಮೊದಲು, ಅವಳಿಗೆ ಏನೂ ಕೇಳಿಸದ ಕಾಲದಲ್ಲಿ, ನನಗೂ ಅವಳಿಗೂ ಇದ್ದದ್ದು ಒಂದೇ ಆಟ. ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ನಾನು ಬಸ್ಸು, ಅವಳು ಕಂಡಕ್ಟರ್. ನನ್ನ ಬೋಳು ತಲೆಯ ಮೇಲೆ ಎರಡು ಬಡಿದರೆ ಬಸ್ಸು ಹೊರಡಬೇಕು, ಒಂದು ಬಡಿದರೆ ನಿಲ್ಲಬೇಕು, ಪಟಪಟ ಬಡಿದರೆ ಹಿಂದಕ್ಕೆ ಬರಬೇಕು. ಕಂಡಕ್ಟರ್ ಬಸ್ಸಿನ ತಗಡು ಬಡಿದು ಡ್ರೈವರನಿಗೆ ಹೇಳುವುದೇ ಹಾಗೆ, ಅದನ್ನೇ ನಾನು ಕಲಿಸಿದ್ದೆ. ಎರಡೇ ದಿನದಲ್ಲಿ ಕಲಿತಳು. ಪೇರಲ ಗಿಡದ ಹತ್ತಿರ ಒಂದು ಬಡಿತ, ಹಣ್ಣು ಕೈಗೆ ಬಂದ ಮೇಲೆ ಎರಡು ಬಡಿತ. ನನ್ನ ಕಣ್ಣಿಗೆ ಅವಳಷ್ಟು ಶಾಣ್ಯಾ ಕಂಡಕ್ಟರ್ ನಮ್ಮ ಡಿಪೋದಲ್ಲಿಯೂ ಇರಲಿಲ್ಲ.

ಮಷೀನು ಹಾಕಿದ ಮೇಲೆ ಅವಳಿಗೆ ಕೇಳಿಸತೊಡಗಿತು. ತಟ್ಟೆ ಬಿದ್ದರೆ ತಿರುಗುತ್ತಾಳೆ, ಹೆಸರು ಕರೆದರೆ ತಿರುಗಿ ನೋಡಿ ಮತ್ತೆ ತನ್ನ ಕೆಲಸಕ್ಕೆ ಹತ್ತುತ್ತಾಳೆ. ಆದರೆ ಬಾಯಿ ಬಿಡುವುದಿಲ್ಲ. ಅತ್ತಾಗ, ನಕ್ಕಾಗ ದನಿ ಬರುತ್ತಿತ್ತು, ಅಂದರೆ ಗಂಟಲಿಗೆ ಏನೂ ಆಗಿರಲಿಲ್ಲ. ಏನಾದರೂ ಬೇಕಾದಾಗ ಮಾತ್ರ ಬಾಯಿ ಬೀಗ ಹಾಕಿದಂತೆ ಇರುತ್ತಿತ್ತು. ಮಾತಿನ ಮೇಡಂ ಅಥಣಿ ಕಡೆಯ ಹುಡುಗಿ, ನನಗೆ ಮಗಳಾಗುವ ವಯಸ್ಸಿನವರು. ಮೊದಲ ದಿನವೇ ಸುಜಾತಾಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರಂತೆ, ಈ ವಯಸ್ಸಿನಲ್ಲಿ ಮಿದುಳು ಮಾತನ್ನು ಹಿಡಿದುಕೊಳ್ಳಬೇಕು, ತಡವಾದಷ್ಟೂ ಕಷ್ಟ ಅಂತ. ಕಿವಿ ಕೊಟ್ಟರೂ ಮಾತು ಬಾರದೆ ಉಳಿದರೆ ಏನು ಗತಿ ಎಂಬ ಹೆದರಿಕೆ ಅಂದಿನಿಂದ ನಮ್ಮ ಮನೆಯಲ್ಲಿ ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಎಲ್ಲ ಕಡೆ ಕೂತುಬಿಟ್ಟಿತು.

ಮೇಡಂ ಹೇಳಿಕೊಟ್ಟ ನಿಯಮವನ್ನು ಸುಜಾತಾ ಊಟದ ಹೊತ್ತಿಗೆ ನಮಗೆಲ್ಲ ಒಪ್ಪಿಸಿದಳು.

"ಅಕಿಗೆ ಬೇಕಾಗಿದ್ದು ಕಣ್ಣಿಗೆ ಕಾಣಬೇಕಂತ, ಕೈಗೆ ಸಿಗಬಾರದಂತ. ನಾವು ಬಾಗಿ, ಹುಬ್ಬು ಏರ್ಸಿ, ಸುಮ್ಮ ಕಾಯಬೇಕಂತ. ಯಾವ ದನಿ ಬಂದ್ರೂ ನಡೀತೈತಿ. ಆದ್ರ ಬಂದ ಕೂಡ್ಲೇ ಅಕಿ ಅಂದದ್ದು ಆಗಬೇಕು, ಒಂದು ಕ್ಷಣ ತಡ ಮಾಡಬಾರದು. ದನಿಗೆ ಬಲ ಐತಿ ಅಂತ ಅಕಿಗೆ ಗೊತ್ತಾಗಬೇಕಂತ."

ದಸರಾ ಮುಗಿದು ಕಬ್ಬಿನ ಹಂಗಾಮು ಶುರುವಾಯಿತು. ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಗುಡಿಸಲು ಹಾಕಿದರು, ರಸ್ತೆ ತುಂಬ ಟ್ರ್ಯಾಕ್ಟರು, ಕಬ್ಬಿನ ಒಣ ಎಲೆಯ ರವದಿ ಸುಟ್ಟ ಹೊಗೆ. ಶೇಂಗಾ ಉಂಡಿಯ ಡಬ್ಬಿ ನಡುಮನೆಯ ಹಲಗೆಯ ಮೇಲೆ ಕಾಣುವಂತೆ ಕೂತಿತು. ಉಂಡಿ ಎಂದರೆ ಭೂಮಿಗೆ ಪ್ರಾಣ. ಸುಜಾತಾ ಡಬ್ಬಿ ಹಿಡಿದು ಅವಳ ಮುಂದೆ ಕೂಡುವಳು, ಬಾಗುವಳು, ಕಾಯುವಳು. ಭೂಮಿ ಡಬ್ಬಿಯನ್ನು ನೋಡಿ, ಅವ್ವನನ್ನು ನೋಡಿ, ಕೈ ಕಟ್ಟಿಕೊಂಡು ಗೋಡೆಗೆ ಒರಗುವಳು. ಅರ್ಧ ತಾಸಾದರೂ ಸರಿ, ಸೋಲುವುದು ಅವ್ವನೇ. ಒಂದು ಸಲ ಸಿಟ್ಟಿನಲ್ಲಿ ಬಿಲ್ಲೆ ಕಿತ್ತು ಎಮ್ಮೆ ಮೇವು ತಿನ್ನುವ ಗ್ವಾದಲಿಗೆ ಎಸೆದಳು. ಅದನ್ನು ಎಮ್ಮೆ ತಿನ್ನುವ ಮೊದಲು ಹುಡುಕಿ ತೆಗೆಯುವಷ್ಟರಲ್ಲಿ ಮಹಾಂತೇಶನ ಮೈ ಬೆವರಿತ್ತು.

ಕಾರ್ತಿಕ ಕಳೆಯುವ ಹೊತ್ತಿಗೆ ಸುಜಾತಾ ಚಿಕ್ಕೋಡಿಯಿಂದ ಮುಖ ಸಣ್ಣ ಮಾಡಿಕೊಂಡು ಬಂದಳು.

"ಮನ್ಯಾಗ ಯಾರೋ ಒಬ್ರು ಅಕಿ ಬಾಯಿ ಬಿಡೂಕಿಂತ ಮೊದ್ಲ ಎಲ್ಲಾ ತಿಳ್ಕೊಂಡು ಕೊಡಾಕತ್ತಾರ ಅಂತಾರ ಮೇಡಂ. ಅದಕ್ಕ ಅಕಿಗೆ ಮಾತಿನ ಜರೂರೇ ಬೀಳವಲ್ದಂತ. ಯಾರಂತ ಹುಡುಕ್ರಿ ಅಂದ್ರು."

ಹುಡುಕ್ರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯೊಳಗೆ ಹಳೆಯ ರಕ್ತ ಹರಿಯಿತು. "ಅದನ್ನ ನನಗ ಬಿಡ್ರಿ," ಎಂದೆ.

ಮೊದಲ ಸಂಶಯ ಹೆಂಡತಿಯ ಮೇಲೆ. ಅದಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ. ಹಾಲು ಹಿಂಡುವ ಹೊತ್ತಿಗೆ ಭೂಮಿ ಕೊಟ್ಟಿಗೆಯಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದದ್ದನ್ನು ನೋಡಿದೆ. ಮರುದಿನ ಎಮ್ಮೆಯ ಮರೆಯಲ್ಲಿ ನಿಂತೆ. ಶಾಂತವ್ವ ಸೆರಗಿನ ಗಂಟು ಬಿಚ್ಚಿ ಉಂಡಿ ತೆಗೆದಳು. ಹಿಡಿದೆ.

"ಹಸದ ಕೂಸಿನ ಮುಂದ ಡಬ್ಬಿ ಇಟ್ಟು ಚ್ಯಾಷ್ಟಿ ನೋಡೂದು ಯಾವ ಶಾಣ್ಯಾತನರಿ?" ಎಂದಳು. ಕಣ್ಣಲ್ಲಿ ನೀರಿತ್ತು. "ಮತ್ತ ಎಮ್ಮಿ ಹಿಂದ ಅಡಗಿ ನಿಂದ್ರೂದು ನಿಮಗ ಶೋಭಾ ಐತೇನು?"

"ಚೆಕಿಂಗ್ ಅಂದ್ರ ಹಿಂಗ," ಎಂದೆ.

ಆಮೇಲೆ ಮಗ. ಹೊಲದಿಂದ ಬಂದೊಡನೆ ಅವಳು ಕೈ ಚಾಚುವುದು, ಅವನು ಎತ್ತಿಕೊಳ್ಳುವುದು. ಅವನಿಗೂ ತಾಕೀತು ಮಾಡಿದೆ. ಗ್ಯಾಂಗಿನ ಹೆಣ್ಣುಮಕ್ಕಳು ಕಬ್ಬಿನ ತುಂಡು ಸುಲಿದು ಕೊಡುತ್ತಿದ್ದರು, ಅವರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದೆ. ಎಲ್ಲರೂ ಹಲ್ಲು ಕಚ್ಚಿ ಪಾಲಿಸಿದರು. ಮನೆಯಲ್ಲಿ ನಾಲ್ಕು ಮಂದಿ ಒಂದು ಕೂಸಿನ ಮುಂದೆ ಹುಬ್ಬು ಏರಿಸಿಕೊಂಡು ಓಡಾಡುವುದು ನೋಡಿದವರಿಗೆ ನಗು ತರಿಸುತ್ತಿತ್ತು. ದಿನವಿಡೀ ಹೀಗೆ ಬಳಲಿದ ಕೂಸು ಸಂಜೆ ನನ್ನ ಹತ್ತಿರ ಬಂದು ಕಾಲು ಹತ್ತುತ್ತಿತ್ತು. ಪಾಪ, ಒಂದು ಸುತ್ತು ಬಸ್ಸಾದರೂ ಆಡಲಿ ಎಂದು ಹೆಗಲಿಗೇರಿಸಿಕೊಂಡು ತೋಟವೆಲ್ಲ ತಿರುಗಿಸಿ ತರುತ್ತಿದ್ದೆ.

ಸಂಕ್ರಾಂತಿ ಬಂತು, ಮಾತು ಬರಲಿಲ್ಲ. ನನ್ನ ಸಂಶಯ ಮನುಷ್ಯರನ್ನು ಬಿಟ್ಟು ಮಷೀನಿಗೆ ಹಾರಿತು. ಬಿಲ್ಲೆಯನ್ನು ನನ್ನ ತಲೆಗೆ ಒತ್ತಿಕೊಂಡು ನೋಡಿದೆ, ಅಂಟಲೂ ಇಲ್ಲ, ಏನೂ ಕೇಳಲೂ ಇಲ್ಲ. ಭೂಮಿಯ ಹಿಂದೆ ನಿಂತು ತಟ್ಟೆಗೆ ಚಮಚದಿಂದ ಬಡಿದೆ. ಅವಳು ತಿರುಗಿ, ನನಗೇ ಏನೋ ಆಗಿದೆ ಎಂಬಂತೆ ನೋಡಿದಳು. ಮಷೀನು ಸರಿಯಿತ್ತು. ಹಾಗಾದರೆ ಮೇಡಂ? ಗೊಂಬೆ, ಚೆಂಡು, ಮಣಿ ಇಟ್ಟುಕೊಂಡು ಆಡಿಸುವುದು ಪಾಠವೇ? ಒಮ್ಮೆ ಯಾರಿಗೂ ಹೇಳದೆ ಚಿಕ್ಕೋಡಿಗೆ ಹೋಗಿ ಇದೇ ಮೆಟ್ಟಿಲ ಮೇಲೆ ಕೂತು ಒಳಗಿನ ಸದ್ದು ಆಲಿಸಿದೆ. ಒಂದು ತಾಸು ಮೇಡಂ ಒಂದೇ ಶಬ್ದವನ್ನು ಬೇಸರವಿಲ್ಲದೆ ಹೇಳುತ್ತಿದ್ದರು. ನನಗೇ ಗಂಟಲು ಒಣಗಿತು, ಎದ್ದು ಬಂದೆ.

ಉಳಿದವಳು ಸುಜಾತಾ. ಇಲ್ಲಿ ನಾನು ಮಾಡಿದ್ದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವಳ ತಮ್ಮನ ಮದುವೆಗೆಂದು ಕೂಸನ್ನು ಕರೆದುಕೊಂಡು ವಾರ ಮೊದಲೇ ನಿಪ್ಪಾಣಿಗೆ ಹೋಗಿದ್ದಳು. ಅಲ್ಲಿಂದ ಮಹಾಂತೇಶನ ಫೋನಿಗೆ ಒಂದು ಫೋಟೋ ಬಂತು. ಭೂಮಿ ಹೊಸ ಫ್ರಾಕು ಹಾಕಿದ್ದಾಳೆ, ತಲೆಗೆ ಅಗಲವಾದ ರಿಬ್ಬನ್ ಸುತ್ತಿದ್ದಾರೆ. ಮಷೀನು ಕಾಣುತ್ತಿಲ್ಲ. ನಾನು ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದೆ. ಬೀಗರು ಬಿಜ್ಜರು ಸೇರುವ ಮನೆ. ನಾಲ್ಕು ಜನ ಕೇಳುತ್ತಾರೆ, ಇದೇನು ಕೂಸಿನ ತಲೆಗೆ ಅಂಟಿಸಿದ್ದೀರಿ ಅಂತ. ತಾಯಿಗೆ ಮುಜುಗರ. ತವರಿಗೆ ಹೋದಾಗಲೆಲ್ಲ ತೆಗೆದಿಡುತ್ತಾಳೆ. ಅದಕ್ಕೇ ಕೂಸು ಮುಂದೆ ಹೋಗುತ್ತಿಲ್ಲ. ಎಲ್ಲವೂ ಒಂದಕ್ಕೊಂದು ಕೂಡಿಬಂದಂತೆ ಕಂಡಿತು. ಮಗನಿಗೆ ಹೇಳಿದೆ.

ಅವನು ಕೈಯಲ್ಲಿದ್ದ ಕುಡಗೋಲು ಕೆಳಗಿಟ್ಟ. "ಅಪ್ಪಾ, ಆ ಮಷೀನಿನ ಸಲುವಾಗಿ ಅಕಿ ಹೊಟ್ಟಿಗೆ ಸರಿ ತಿಂದು ಎಷ್ಟ್ ದಿನಾ ಆತು ಗೊತ್ತೈತೇನು ನಿಮಗ? ನಿಮ್ಮ ಚೆಕಿಂಗ್ ಇಲ್ಲಿಗೆ ಬಂದ್ ಮಾಡ್ರಿ."

ಬಂದ್ ಮಾಡುವವನೇ ನಾನು? ಮರುದಿನ ಮುಂಜಾನೆ ನಿಪ್ಪಾಣಿ ಬಸ್ಸು ಹತ್ತಿದೆ. ಹಳೆಯ ಚಟ, ಒಂದು ಸ್ಟಾಪ್ ಮೊದಲೇ ಇಳಿದೆ. ಬೀಗರ ಮನೆಗೆ ಮುಂಬಾಗಿಲಿಂದ ಹೋಗದೆ ಹಿತ್ತಲಿನಿಂದ ಹೋದೆ. ಅಲ್ಲಿ ಅಡಿಗೆಯವರು ದೊಡ್ಡ ಬುಟ್ಟಿಯಲ್ಲಿ ಈರುಳ್ಳಿ ಸುಲಿಯುತ್ತಿದ್ದರು. ನನ್ನನ್ನು ಯಾರೋ ಮನೆಯ ಹಿರಿಯರೆಂದು ಒಳಗೆ ಬಿಟ್ಟರು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದೆ.

ಸುಜಾತಾ ಹೊಸ ಸೀರೆ ಉಟ್ಟು ನೆಲದ ಮೇಲೆ ಕೂತಿದ್ದಳು. ಮುಂದೆ ಉಂಡಿಯ ಡಬ್ಬಿ. ಅದರ ಆಚೆ ಭೂಮಿ, ಕೈ ಕಟ್ಟಿಕೊಂಡು. ರಿಬ್ಬನ್ ಜಾರಿತ್ತು, ಅದರ ಕೆಳಗೆ ಎರಡೂ ಬಿಲ್ಲೆ ತಲೆಗೆ ಅಂಟಿದ್ದವು. ಮದುವೆಮನೆಯ ಮಕ್ಕಳು ಜಗ್ಗದಿರಲಿ ಎಂದು ರಿಬ್ಬನ್ ಸುತ್ತಿದ್ದಳು, ಅಷ್ಟೇ. ಸುಜಾತಾ ಬಾಗಿ, ಹುಬ್ಬು ಏರಿಸಿ ಕಾಯುತ್ತಿದ್ದಳು. ಎಷ್ಟು ಹೊತ್ತಿನಿಂದಲೋ, ಜೋಮು ಹಿಡಿದ ಕಾಲನ್ನು ಒಂದು ಕೈಯಿಂದ ತಿಕ್ಕಿಕೊಳ್ಳುತ್ತಿದ್ದಳು. ಅವಳ ಸೋದರಮಾವನ ಹೆಂಡತಿ ಒಳಗೆ ಬಂದು, ಕೊಟ್ಟುಬಿಡು ಪಾಪ ಎಂದು ಡಬ್ಬಿಗೆ ಕೈ ಹಾಕಿದಳು. ಸುಜಾತಾ ಆ ಕೈ ಹಿಡಿದಳು. "ಥಾಂಬ್ ಮಾಮಿ. ಬೋಲೂ ದೇ ತಿಲಾ." ತಾಳು, ಅವಳು ಮಾತಾಡಲಿ ಎಂದು ಮರಾಠಿಯಲ್ಲಿ. ಹೊರಗೆ ಬ್ಯಾಂಡಿನವರು ಬಂದಿದ್ದರು, ತಮ್ಮನಿಗೆ ಅರಿಶಿನ ಹಚ್ಚುತ್ತಿದ್ದರು. ಅಕ್ಕ ಇಲ್ಲಿ ಕೂತಿದ್ದಳು.

ನನಗೆ ಅಲ್ಲಿಂದ ಹಾಗೇ ಹಿಂದೆ ಸರಿದು ಓಡಿಹೋಗಬೇಕು ಅನಿಸಿತು. ಅಷ್ಟರಲ್ಲಿ ಭೂಮಿ ನನ್ನನ್ನು ಕಂಡಳು. ಓಡಿಬಂದು ಕಾಲು ಹತ್ತಿದಳು. ನಾಚಿಕೆಯಲ್ಲಿ ಏನು ಮಾಡಲೂ ತೋಚದೆ ಹೆಗಲಿಗೇರಿಸಿಕೊಂಡೆ. ತಲೆಯ ಮೇಲೆ ಎರಡು ಬಡಿತ ಬಿತ್ತು, ನಡೆದೆ. ಪಡಸಾಲೆಯಲ್ಲಿ ಲಾಡು ಜೋಡಿಸಿಟ್ಟ ಪರಾತದ ಮುಂದೆ ಒಂದು ಬಡಿತ ಬಿತ್ತು, ನಿಂತೆ. ಒಂದು ಲಾಡು ಎತ್ತಿ ಮೇಲಕ್ಕೆ ಕೊಟ್ಟೆ. ಎರಡು ಬಡಿತ.

ತಿರುಗಿದಾಗ ಸುಜಾತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮಾವಾರ, ಯಾವಾಗ ಬಂದ್ರಿ?"

"ಈ ಕಡೆ ಸ್ವಲ್ಪ ಕೆಲಸಿತ್ತು."

"ಹೌದ್ರಿ," ಎಂದಳು. ಆ ಹೌದ್ರಿಯಲ್ಲಿ ಎಲ್ಲವೂ ಇತ್ತು. ಗಂಡ ಅವಳಿಗೆ ಫೋನು ಮಾಡಿ ಹೇಳಿದ್ದ. ಅವಳು ಕಣ್ಣು ತಗ್ಗಿಸಲಿಲ್ಲ, ಜಗಳಕ್ಕೂ ಬರಲಿಲ್ಲ. ಲಾಡು ತಿನ್ನುವ ಮಗಳನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, "ಬರೂ ಮಂಗಳವಾರ ನೀವೂ ಚಿಕ್ಕೋಡಿಗೆ ಬರ್ರಿ ಮಾವಾರ. ಮನಿಯವ್ರನ್ನ ಒಬ್ಬೊಬ್ರನ್ನ ನೋಡ್ಬೇಕಂದಾರ ಮೇಡಂ," ಎಂದಳು.

ನನಗೆ ಆಗಲೂ ಏನೂ ಹೊಳೆಯಲಿಲ್ಲ. ತಪಾಸಣೆಗೆ ಹಿರಿಯರ ಸಹಾಯ ಬೇಕಾಗಿರಬಹುದು ಎಂದುಕೊಂಡು ಮಂಗಳವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಮೇಡಂ ಕೋಣೆಯ ತುಂಬ ಎತ್ತರೆತ್ತರದಲ್ಲಿ ಆಟಿಕೆ ಇಟ್ಟಿದ್ದರು. "ಅಜ್ಜಾರ, ಮನ್ಯಾಗ ಹೆಂಗ ಆಡ್ತೀರಿ ಹಂಗ ಆಡ್ರಿ. ನಾ ಇಲ್ಲೇ ಇಲ್ಲ ಅನ್ಕೊಳ್ರಿ," ಎಂದರು. ನಾನು ಉಮೇದಿಯಿಂದ ಭೂಮಿಯನ್ನು ಹೆಗಲಿಗೇರಿಸಿದೆ. ಬಸ್ಸು ಹೊರಟಿತು. ಚೆಂಡಿನ ಹತ್ತಿರ ನಿಂತಿತು, ಗೊಂಬೆಯ ಹತ್ತಿರ ನಿಂತಿತು, ಪಟಪಟ ಬಡಿದಾಗ ಹಿಂದಕ್ಕೆ ಬಂದು ಮಣಿಯ ಸರ ತೆಗೆದುಕೊಟ್ಟಿತು. ಕಿಡಕಿ ಬೇಕೆಂದಾಗ ಕಿಡಕಿಗೆ ಹೋಯಿತು. ಮೇಡಂ ವಹಿಯಲ್ಲಿ ಏನೋ ಗೀಚುತ್ತಿದ್ದರು. ಮುಗಿದ ಮೇಲೆ ಬೆವರು ಒರೆಸಿಕೊಂಡು ಹೆಮ್ಮೆಯಿಂದ ಅವರ ಕಡೆ ನೋಡಿದೆ.

"ಅಜ್ಜಾರ, ಇಷ್ಟೊತ್ತಿನ್ಯಾಗ ಭೂಮಿ ನಿಮಗ ಎಷ್ಟ್ ಸಲ ಕೇಳಿದ್ಲು?"

"ಕೇಳೂದೆಲ್ಲಿಂದ್ರಿ? ಅಕಿ ಮಾತಾಡಂಗಿಲ್ಲಲ್ಲ."

"ಹದಿನಾಕ್ ಸಲ ಕೇಳಿದ್ಲು. ಹದಿನಾಕೂ ಸಲ ನೀವು ಕೊಟ್ರಿ."

ನಾನು ಭೂಮಿಯನ್ನು ಹೆಗಲಿಂದ ಕೆಳಗಿಳಿಸಿದೆ.

"ಅಕಿಗೆ ಇನ್ನಾ ಭಾಷಾ ಬಂದಿಲ್ಲ ಅನ್ಕೊಂಡಿದ್ದೆ ನಾನು," ಎಂದರು ಮೇಡಂ. ದನಿಯಲ್ಲಿ ಹಂಗಿಸುವ ಭಾವ ಲವಲೇಶವೂ ಇರಲಿಲ್ಲ. "ಬಂದೈತಿ. ನೀವ ಕಲಿಸೀರಿ, ಭಾಳ ಚಲೋ ಕಲಿಸೀರಿ. ನಿಂದ್ರು, ಹೋಗು, ಹಿಂದ ಬಾ, ಅದನ್ನ ಕೊಡು, ಎಲ್ಲಾ ಅದರಾಗ ಅದಾವು. ಇನ್ನ ಬಾಯಿ ಯಾಕ ಬೇಕ್ರಿ ಅಕಿಗೆ?"

ನನ್ನ ಮೊದಲ ಸಂಶಯ ಏನಿರಬಹುದು ಹೇಳಿ. ಇದು ಸುಜಾತಾ ಹೂಡಿದ ಆಟವೇ ಎಂದು! ಅವಳ ಕಡೆ ತಿರುಗಿದೆ. ಅವಳು ಗೆದ್ದವಳಂತೆ ನಗುತ್ತಿರಲಿಲ್ಲ, ಸೆರಗಿನ ಅಂಚನ್ನು ನೋಡುತ್ತಾ ಕೂತಿದ್ದಳು. ಅವಳಿಗೆ ನನ್ನ ಬಗ್ಗೆ ಕನಿಕರ ಬಂದಿತ್ತು. ನಾನು ಏನೂ ಆಗದವನ ಹಾಗೆ ಕಿಡಕಿಯ ಹೊರಗೆ ನೋಡಿದೆ.

"ಆಟ ಬಿಡಬೇಕೇನ್ರಿ?" ಎಂದೆ ಕೊನೆಗೆ.

"ಬಿಡೂದು ಬ್ಯಾಡ್ರಿ. ಹೆಗಲ ಮ್ಯಾಲೆ ಹೊತ್ಕೊಳ್ರಿ, ಮುದ್ದು ಮಾಡ್ರಿ. ಬಡದ್ರ ಮಾತ್ರ ನಿಮಗ ತಿಳೀಬಾರದು. ಮುಂದ ಬೇಕಾದ್ರ ಎರಡೂ ಇರ್ಲಿ, ಈಗ ದನಿ ಬರ್ಲಿ."

"ತಿಳದದ್ದನ್ನ ತಿಳೀಲಾರದಂಗ ಹೆಂಗ ಮಾಡೂದ್ರಿ?"



ಬಸ್ಸಿನಲ್ಲಿ ವಾಪಸು ಬರುವಾಗ ಭೂಮಿ ಸುಜಾತಾಳ ತೊಡೆಯ ಮೇಲೆ ಮಲಗಿದ್ದಳು. ನಾನು ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟು, "ನಿನ್ನ ಮ್ಯಾಲೆ ಸಂಶಯ ಪಟ್ಟಿದ್ದೆ ತಂಗಿ. ತಪ್ಪಾತು," ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ಯಾರಿಗೂ ಹೇಳಿದ ಮಾತಲ್ಲ ಅದು.

ಅವಳು ಮಗಳ ಕಿವಿಯ ಮೇಲಿನ ದಾರ ಸರಿಮಾಡಿದಳು. "ನನ್ನ ಮ್ಯಾಲೆ ನನಗೂ ಸಂಶಯ ಐತ್ರಿ ಮಾವಾರ. ಬಸರಿದ್ದಾಗ ಏನರ ತಿಂದ್ನೋ, ಎಲ್ಲಿ ಎಡವಿದ್ನೋ ಅಂತ ದಿನಾ ವಿಚಾರ ಮಾಡ್ತೇನಿ. ಡಾಕ್ಟರು ನಿಂದೇನೂ ತಪ್ಪಿಲ್ಲ ಅಂದ್ರೂ ಬಿಡವಲ್ದು."

ಅವಳ ಮೇಲೆ ನಾನು ಇಷ್ಟು ದಿನ ಹೊರಿಸಿದ್ದನ್ನೆಲ್ಲ ಅವಳು ನನಗಿಂತ ಮೊದಲೇ ಹೊತ್ತುಕೊಂಡಿದ್ದಳು.

ಮರುದಿನ ಸಂಜೆ ಭೂಮಿ ಎಂದಿನಂತೆ ಹೆಗಲೇರಿ ಎರಡು ಬಡಿದಳು. ನಾನು ನಿಂತೇ ಇದ್ದೆ. ಮತ್ತೆ ಎರಡು ಬಡಿದಳು. ಆಮೇಲೆ ಜೋರಾಗಿ. ನಾನು ಹುಬ್ಬು ಏರಿಸಿ ಕಾದೆ, ಆದರೆ ನನ್ನ ಹುಬ್ಬು ಅವಳಿಗೆ ಕಾಣುವುದು ಹೇಗೆ? ಅವಳು ಮೇಲಿನಿಂದ ಬಾಗಿ, ತಲೆಕೆಳಗಾಗಿ ನನ್ನ ಮುಖ ನೋಡಿದಳು. ನಾನು ಬದುಕಿದ್ದೇನೆಯೇ ಎಂದು ನೋಡಿದಳು ಅನಿಸುತ್ತದೆ. ಕಣ್ಣು ಮಿಟುಕಿಸುತ್ತಿದ್ದೆ, ಬದುಕಿದ್ದೆ. ಹಾಗಾದರೆ ಬೇಕಂತಲೇ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ಅವಳು ಮುಷ್ಟಿಯಿಂದ ಗುದ್ದಿದಳು, ಕಿವಿ ಹಿಂಡಿದಳು, ಅತ್ತಳು, ತಾನೇ ಜಾರಿ ಇಳಿದು ಹೋದಳು. ಮೂರು ದಿನ ಹೀಗೆ ನೋಡಿದಳು. ನಾಲ್ಕನೆಯ ದಿನದಿಂದ ನನ್ನ ಹತ್ತಿರ ಬರುವುದನ್ನೇ ಬಿಟ್ಟಳು.

ಅಂಗಳದಲ್ಲಿ ನಾನು ಕೂತರೆ ಅವಳು ಬಳಸಿಕೊಂಡು ಹೋಗುವಳು. ಹೋಗುವಾಗ ಒಮ್ಮೆ ನನ್ನನ್ನು ನೋಡುವಳು. ಆ ನೋಟ ನನಗೆ ಗೊತ್ತಿತ್ತು. ಇಡೀ ತಾಲೂಕಿನ ಪ್ರಯಾಣಿಕರನ್ನು ನಾನು ನೋಡುತ್ತಿದ್ದ ನೋಟ ಅದು. ಇವನಲ್ಲಿ ಏನೋ ಕಪಟ ಇದೆ ಎನ್ನುವುದು. ಮೂರು ವರ್ಷ ತುಂಬದ ಕೂಸು ನನ್ನನ್ನು ಹಾಗೆ ನೋಡುತ್ತಿತ್ತು. ಅವಳಿಗೆ ಹೇಗೆ ತಿಳಿಸಲಿ? ಮಾತಿನಲ್ಲಿ ಹೇಳಿದರೆ ಅವಳಿಗೆ ಅರ್ಥವಾಗುವುದಿಲ್ಲ, ಅರ್ಥವಾಗುವ ಭಾಷೆಯಲ್ಲಿ ಹೇಳುವ ಹಾಗಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕಬ್ಬಿನ ಹೊಲದ ಕೊನೆಯ ತುಂಡು ಕಟಾವಾಗುತ್ತಿತ್ತು, ಎಲ್ಲರೂ ಆ ಕಡೆ ಇದ್ದರು. ನಾನು ಬೇವಿನ ಕೆಳಗೆ ಮಂಚ ಹಾಕಿ ಕೂತಿದ್ದೆ. ಭೂಮಿ ಎಲ್ಲಿಂದಲೋ ಬಂದು ಮಂಚದ ಪಟ್ಟಿಯ ಮೇಲೆ ಎರಡು ಸಲ ಬಡಿದಳು. ಜೋರಾಗಿ ಅಲ್ಲ, ಮೆಲ್ಲಗೆ, ಕೇಳಿಕೊಳ್ಳುವವರ ಹಾಗೆ. ಯಾರು ನೋಡುತ್ತಾರೆ? ಒಂದು ಸುತ್ತು, ಒಂದೇ ಸುತ್ತು. ಟಿಕೆಟ್ ಇಲ್ಲದೆ ಬಸ್ಸು ಹತ್ತುವವನ ಮನಸ್ಸಿನಲ್ಲಿ ಏನಿರುತ್ತದೆ ಎಂದು ನನಗೆ ಅವತ್ತು ಮೊದಲ ಸಲ ಗೊತ್ತಾಯಿತು. ಅರ್ಧ ಎದ್ದಿದ್ದೆ. ಸುಜಾತಾ ಜೋಮು ಹಿಡಿದ ಕಾಲು ತಿಕ್ಕಿಕೊಂಡದ್ದು ಕಣ್ಣ ಮುಂದೆ ಬಂತು. ಮತ್ತೆ ಕೂತೆ. ಭೂಮಿ ಸ್ವಲ್ಪ ಹೊತ್ತು ನಿಂತು ನೋಡಿ ಹೋದಳು. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಹೋಳಿ ಹುಣ್ಣಿಮೆ ಕಳೆದ ಎರಡನೆಯ ದಿನ. ಗ್ಯಾಂಗಿನವರು ಗುಡಿಸಲು ಕಿತ್ತುಕೊಂಡು ಊರಿಗೆ ಹೋಗಿದ್ದರು, ಹೊಲ ಬಯಲಾಗಿತ್ತು. ಭೂಮಿ ಅಂಗಳದಲ್ಲಿ ತೆಂಗಿನ ಚಿಪ್ಪಿಗೆ ಮಣ್ಣು ತುಂಬುತ್ತಾ ಕೂತಿದ್ದಳು. ಮುಂಜಾನೆಯ ಬಿಸಿಲಿನಲ್ಲಿ ಅವಳ ತಲೆಯ ಎರಡೂ ಬಿಲ್ಲೆಗಳ ನಡುವೆ ಸಣ್ಣ ಜುಟ್ಟು ಕುಣಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ನಿಯಮ ಹಾಳಾಗಿ ಹೋಗಲಿ, ಅವಳು ಕೇಳದಿದ್ದರೇನು, ನಾನೇ ಎತ್ತಿಕೊಂಡರೆ ಯಾವ ತಪ್ಪು ಎಂದು ಹೋಗಿ ಎರಡೂ ಕೈಯಿಂದ ಎತ್ತಿಕೊಂಡೆ.

ಅವಳ ಮೈ ಬಿಗಿಯಾಯಿತು. ಚಿಪ್ಪಿನ ಮಣ್ಣು ನನ್ನ ಅಂಗಿಯ ಮೇಲೆ ಚೆಲ್ಲಿತು. ನನ್ನ ಮುಖಕ್ಕೆ ಮುಖ ತಂದು, ಹುಬ್ಬು ಗಂಟು ಹಾಕಿ, "ಬ್ಯಾದ," ಎಂದಳು.

ನನಗೆ ಮೊದಲು ಸಂಶಯ ಬಂದದ್ದು ಹಿತ್ತಲ ಆಡಿನ ಮೇಲೆ. ಆ ಕಡೆ ತಿರುಗಿ ನೋಡಿದೆ. ಆಡು ಮೇಯುತ್ತಿತ್ತು. ಹಾಗಾದರೆ ಇವಳೇ. ಬ್ಯಾಡ ಎಂದಿದ್ದಳು. ದಿನಕ್ಕೆ ನೂರು ಸಲ ನಾವು ಅವಳಿಗೆ ಹೇಳುವ ಮಾತು ಅದು, ಮಣ್ಣು ಬ್ಯಾಡ, ಮಷೀನ್ ಜಗ್ಗಬ್ಯಾಡ ಅಂತ. ಅದನ್ನು ಅವಳು ಎಲ್ಲಿಯೋ ಇಟ್ಟುಕೊಂಡಿದ್ದಳು, ನನಗೆ ಕೊಟ್ಟಳು. ಅವಳು ಹುಟ್ಟಿ ಮೂರು ವರ್ಷಕ್ಕೆ ಆಡಿದ ಮೊದಲ ಮಾತಿನಲ್ಲಿ ನಾನು ಬೇಡವಾಗಿದ್ದೆ. ಎದೆಗೆ ಅಪ್ಪಿಕೊಳ್ಳಬೇಕೆಂದು ಜೀವ ಹಾತೊರೆಯಿತು. ಆದರೆ ದನಿ ಬಂದ ಕೂಡಲೇ ಅವಳು ಅಂದದ್ದು ಆಗಬೇಕು, ಒಂದು ಕ್ಷಣ ತಡವಾಗಬಾರದು. ಕೆಳಗಿಳಿಸಿಬಿಟ್ಟೆ.

ಅವಳಿಗೂ ಅದು ಅಚ್ಚರಿ. ನೆಲ ನೋಡಿದಳು, ನನ್ನನ್ನು ನೋಡಿದಳು. ಖಾತ್ರಿ ಮಾಡಿಕೊಳ್ಳದೆ ಬಿಡುವ ಜಾತಿಯವನಲ್ಲ ನಾನು. ಮತ್ತೆ ಕೈ ಚಾಚಿದೆ.

"ಬ್ಯಾದ."

ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬ್ಯಾದ." ನಾನು ಎರಡು ಹೆಜ್ಜೆ ಹಿಂದೆ. ಅವಳ ಕಣ್ಣು ಅರಳಿತು. ಇಷ್ಟು ದೊಡ್ಡ ಮನುಷ್ಯ ಬಾಯಿಯಿಂದ ಬಂದ ಒಂದು ಸದ್ದಿಗೆ ಹಿಂದೆ ಸರಿಯುತ್ತಾನೆ! ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ಬಾಯಿಯಿಂದ ನನ್ನನ್ನು ಅಟ್ಟತೊಡಗಿದಳು. ಅಂಗಳ ದಾಟಿದೆ, ಗ್ವಾದಲಿ ದಾಟಿದೆ, ನೀರಿನ ಟಾಕಿ ದಾಟಿದೆ. ಸುಜಾತಾ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಹಿಂದೆ ಶಾಂತವ್ವ. ನಾನು ಹಿಮ್ಮುಖವಾಗಿ ನಡೆಯುತ್ತಾ ನಡೆಯುತ್ತಾ ಗೇಟಿನ ಹೊರಗೆ ರಸ್ತೆಯ ಮೇಲೆ ಬಂದು ನಿಂತಿದ್ದೆ. ಕಣ್ಣೀರು ಅಂಗಿಯ ಮೇಲಿನ ಮಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವ ಉಸಾಬರಿಗೆ ಹೋಗಲಿಲ್ಲ.

ಭೂಮಿ ಗೇಟಿನಲ್ಲಿ ನಿಂತು ಕೊನೆಯದಾಗಿ ಒಮ್ಮೆ ಹೇಳಿ, ಕೆಲಸ ಮುಗಿಯಿತೆಂಬಂತೆ ತನ್ನ ಚಿಪ್ಪಿನ ಕಡೆ ಹೋದಳು.

"ಒಳಗ ಬರ್ರಿ ಇನ್ನ," ಎಂದು ಶಾಂತವ್ವ ಅಲ್ಲಿಂದಲೇ ಕರೆದಳು.

"ಇಲ್ಲ," ಎಂದೆ. "ಅಕಿ ಕರೀಲಿ."

ಅವತ್ತು ಮಧ್ಯಾಹ್ನ ಅವಳು ಮಲಗಿದ ಮೇಲೆಯೇ ಒಳಗೆ ಹೋದೆ. ಅವಳ ಬಾಯಿಂದ "ಬಾ" ಬರುವಷ್ಟರಲ್ಲಿ ಯುಗಾದಿಯಾಯಿತು. ಅಲ್ಲಿಯವರೆಗೆ ಅವಳು ಬ್ಯಾಡ ಎಂದಾಗಲೆಲ್ಲ, ಉಣ್ಣುತ್ತಿದ್ದರೂ ಸರಿ, ಎದ್ದು ಹೊರಗೆ ಹೋಗುತ್ತಿದ್ದೆ.